ಹರಕೇಶ್ ಚಾಚಾನ ಕೆಮ್ಮು
ನೋಯ್ಡಾ ಪಕ್ಕದ ಈ ಹಳ್ಳಿಯಲ್ಲಿ, ನನ್ನ ಬಾಡಿಗೆ ಮನೆಯ ಎದುರಿಗೇ ಚೌಪಾಲ್ ಇತ್ತು. ಊರ ಗಂಡಸರು ಪಂಚಾಯಿತಿಗೆ ಸೇರುವ ಹಳೇ ಕಟ್ಟಡ. ಅದರ ಕಾವಲಿಗೆ ಹರಕೇಶ್, ಊರಿಗೆಲ್ಲ ಚಾಚಾ. ಬೆಳಿಗ್ಗೆ ಬೀಗ ತೆಗೆಯುವ ಮುಂಚೆ ಮೂರು ಸಲ ಕೆಮ್ಮುತ್ತಿದ್ದರು. ‘ಒಳಗೆ ಸತ್ತ ಹಿರಿಯರು ಕೂತಿರ್ತಾರೆ, ಬೆಹೆನ್‌ಜಿ, ಸುಮ್ಮನೆ ನುಗ್ಗಬಾರದು.’ ಹುಕ್ಕಾದ ಕೆಂಡ ಆರಿದರೆ ಊರೇ ಆರಿಹೋಯಿತೆಂಬಂತೆ ಕೂಗಾಡುವರು. ಹೆಂಗಸರು ಮಾತ್ರ ಆ ಮೆಟ್ಟಿಲು ಹತ್ತುವಂತಿರಲಿಲ್ಲ, ಸೆರಗು ಎಳೆದುಕೊಂಡು ಪಕ್ಕದಲ್ಲಿ ಹಾದುಹೋಗಬೇಕು. ಈಗ ಅದನ್ನು ಕೆಡವಿ, ಎಲ್ಲರೂ ಬರಬಹುದಾದ ಗಾಜಿನ ಬಾಗಿಲಿನ ಹಾಲ್ ಕಟ್ಟಿದ್ದಾರೆ. ಚಾಚಾ ಎರಡನೇ ಸಲ ಕೆಮ್ಮುವಷ್ಟರಲ್ಲಿ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ‘ಇದೇನು ಹಾಲೋ, ಆಸ್ಪತ್ರೆಯೋ!’ ಎಂದು ದಿನಾ ಬೈಗುಳ. ‘ಹಾಗಾದ್ರೆ ಚೌಪಾಲ್ ಕೆಡವೋಕೆ ಊರವರು ಒಪ್ಪಿದ ಕಾಗದಕ್ಕೆ ಮೊದಲ ಹೆಬ್ಬೆಟ್ಟು ನಿಮ್ಮದೇ ಯಾಕೆ, ಭಾಯಿಸಾಬ್?’ ಎಂದು ನಿನ್ನೆ ಹಾಲ್‌ನೊಳಗೇ ಕೇಳಿಯೇಬಿಟ್ಟೆ. ಚಾಚಾ ಹೆಗಲ ವಸ್ತ್ರ ತೆಗೆದು ಕೈಗೆ ಸುತ್ತಿಕೊಂಡರು. ‘ನಮ್ಮನೆಯವಳು ನಲವತ್ತು ವರ್ಷ ಬೀದಿಯಲ್ಲೇ ನಿಂತು ನನಗೆ ರೊಟ್ಟಿ ಕೊಟ್ಟಳು. ಒಂದು ಸಲ ಒಳಗೆ ನೋಡ್ತೀನಿ ಅಂತ ಮೆಟ್ಟಿಲು ಹತ್ತಿದಳು. ಎಲ್ಲರೆದುರು ಕೆಳಗಿಳಿಸಿದವನು ನಾನೇ. ಹಾಲ್ ತೆರೆಯೋ ಹೊತ್ತಿಗೆ ಅವಳಿಲ್ಲ.’ ಆಮೇಲೆ ಮುಂದಿನ ಸಾಲಿನ ಮೊದಲ ಕುರ್ಚಿಯನ್ನು ಹೆಗಲ ವಸ್ತ್ರದಿಂದ ಒರೆಸಿ, ‘ಚಲೋ, ನೀವಾದರೂ ಕೂತ್ಕೊಳ್ಳಿ’ ಎಂದರು. ನಾನು ಅದರ ಪಕ್ಕದ್ದರಲ್ಲಿ ಕೂತೆ.