ಒಂದು ಹನಿ ರಕ್ತವಿಲ್ಲ

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಕಾಲ್ಬೆರಳ ಅಡಿಯ ಹುಣ್ಣಿಗೆ ಬೇಕು. ಯಜಮಾನರು ಗಡ್ಡ ಹೆರೆಯುವ ಕನ್ನಡಿಯನ್ನು ಬಚ್ಚಲ ನೆಲದ ಮೇಲಿಟ್ಟು, ಬಲಗಾಲನ್ನು ಅದರ ಮೇಲೆ ಎತ್ತಿ ಹಿಡಿದು ಎರಡು ತಿಂಗಳು ದಿನಾ ಬೆಳಿಗ್ಗೆ ನೋಡಿದ್ದೇನೆ. ಮುಂಬೈಯ ವಡಾಲ ಸ್ಟೇಶನ್ನಿನ ಮೆಟ್ಟಿಲು ಹತ್ತುವಾಗ ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳ ಬುಡದಲ್ಲಿ ಆದ ಗಾಯ ಅದು. ಮಾಯುತ್ತಲೇ ಇರಲಿಲ್ಲ.

ನನ್ನಂತೆ ಅವ್ವನಿಗೂ ಸಕ್ಕರೆ ಕಾಯಿಲೆ ಇತ್ತು. ಅವಳದೂ ಹೆಬ್ಬೆರಳಿನಿಂದಲೇ ಶುರುವಾಗಿತ್ತು. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಅವ್ವನೇ ಉಳಿಯಲಿಲ್ಲ. ಅದಕ್ಕೇ ನನಗೆ ಭಯ.

ಸಕ್ಕರೆ ಇಳಿಯದೆ ಗಾಯ ಒಣಗುವುದಿಲ್ಲ ಎಂದರು ಡಾಕ್ಟರು. ಅನ್ನ ಬಿಟ್ಟೆ, ಗುಳಿಗೆ ತಪ್ಪಿಸಲಿಲ್ಲ. ಸಕ್ಕರೆ ಮಾತ್ರ ಜಗ್ಗಲಿಲ್ಲ. "ಮಾಟುಂಗಾ ಪ್ಯಾಟಿಗೆ ಹೋದಾಗ ಕದ್ದು ಜಿಲೇಬಿ ತಿಂತೀ ಏನ?" ಎಂದು ಯಜಮಾನರು ಕೇಳಿದರು. ನಾನು ಎರಡು ದಿನ ಅವರ ಚಹಾಕ್ಕೂ ಸಕ್ಕರೆ ಹಾಕಲಿಲ್ಲ.

ಮೂರನೇ ಸಲ ಹೋದಾಗ ಡಾಕ್ಟರು ಬಾಯಿ ತೆರೆಸಿದರು. ಕಪ್ಪಾದ ನನ್ನ ವಸಡು ನೋಡಿ ಹಲ್ಲಿನ ಡಾಕ್ಟರಿಗೆ ಚೀಟಿ ಬರೆದರು. ಕಾಲಿನ ಗಾಯಕ್ಕೆ ಹಲ್ಲಿನ ಡಾಕ್ಟರು ಯಾಕೆ? ನನಗೆ ಸಿಟ್ಟೇ ಬಂತು.

ನಾನು ಹಲ್ಲಿಗೆ ಮಶೇರಿ ತಿಕ್ಕುತ್ತಿದ್ದೆ. ತಂಬಾಕನ್ನು ತವೆಯ ಮೇಲೆ ಕರ್ರಗೆ ಹುರಿದು ಕುಟ್ಟಿದ ಪುಡಿ. ಅವ್ವ ಕಲಿಸಿದ್ದು, ಈಗ ವಿಜಯಪುರದಿಂದ ತಂಗಿ ಡಬ್ಬಿ ತುಂಬಿ ಕಳಿಸುತ್ತಿದ್ದಳು. ಹಿಂದೊಮ್ಮೆ ಮಗಳ ಕಾಟಕ್ಕೆ ಒಂದು ವಾರ ಅದನ್ನು ಬಿಟ್ಟಿದ್ದೆ. ಬ್ರಶ್ ಕೆಂಪಾಯಿತು, ಉಗುಳೂ ಕೆಂಪಾಯಿತು. ಹೆದರಿ ಮತ್ತೆ ಹಚ್ಚಿದೆ, ರಕ್ತ ನಿಂತಿತು. ಇದಕ್ಕಿಂತ ಬೇರೆ ಔಷಧಿ ಬೇಕೇ ಎಂದು ಮಗಳ ಬಾಯಿ ಮುಚ್ಚಿಸಿದ್ದೆ.

ಮಾಟುಂಗದ ಹಲ್ಲಿನ ಡಾಕ್ಟರು ಮಗಳ ವಯಸ್ಸಿನ ಹುಡುಗಿ. ವಸಡಿನ ಸಂದಿಯಲ್ಲಿ ಸಣ್ಣ ಕಡ್ಡಿ ಇಳಿಸಿ ಆಳ ಅಳೆದಳು. ಕಡ್ಡಿ ಇಳಿಯುತ್ತಲೇ ಹೋಯಿತು.

"ಒಂದು ಹನಿ ರಕ್ತ ಬರೂದಿಲ್ಲ ನನಗ" ಎಂದೆ ಹೆಮ್ಮೆಯಿಂದ.

"ಅದೇ ಪ್ರಾಬ್ಲೆಮ್ ಆಂಟಿ. ತಂಬಾಕು ರಕ್ತನಾಳ ಟೈಟ್ ಮಾಡ್ತದೆ. ಒಳಗೆ ಪೂರಾ ಇನ್ಫೆಕ್ಷನ್, ಮೇಲೆ ಕಾಣೋದಿಲ್ಲ ಅಷ್ಟೇ. ಈ ಇನ್ಫೆಕ್ಷನ್ ಇರೋತನಕ ಶುಗರ್ ಇಳಿಯೋದು ಕಷ್ಟ. ಶುಗರ್ ಇಳೀದಿದ್ರೆ ಇದೂ ವಾಸಿ ಆಗಲ್ಲ."

ಕುರ್ಚಿಯಲ್ಲಿ ಮಲಗಿದಂತೆಯೇ ನನಗೆ ಅವ್ವ ನೆನಪಾದಳು. ಕಾಲು ಕೆಡುವ ಮುಂಚಿನ ಎರಡು ವರ್ಷ ಅವಳ ಹಲ್ಲು ಒಂದೊಂದಾಗಿ ಕೈಗೆ ಬಂದಿದ್ದವು. ಪ್ರತಿ ಸಲ ಅಂಗೈ ಚಾಚಿ ತೋರಿಸುತ್ತಿದ್ದಳು: "ನೋಡ್ರೆ, ಒಂದ್ ಹನಿ ರಕ್ತ ಇಲ್ಲ." ನಾವು ಅಕ್ಕತಂಗಿಯರು ಮೆಚ್ಚಿ ನೋಡುತ್ತಿದ್ದೆವು.

ಮಶೇರಿ ಬಿಟ್ಟೆ. ನಾಲ್ಕು ಸಲ ವಸಡು ಕೆರೆದು ಸ್ವಚ್ಛ ಮಾಡಿದರು. ಆ ದಿನಗಳಲ್ಲಿ ದಿನಾ ಬೆಳಿಗ್ಗೆ ಬೇಸಿನ್ನು ಕೆಂಪಾಗುತ್ತಿತ್ತು. ಇದು ಒಳ್ಳೆಯದಕ್ಕೇ ಎಂದು ಗೊತ್ತಿದ್ದರೂ ಕಣ್ಣು ಮುಚ್ಚಿಯೇ ನಲ್ಲಿ ಬಿಡುತ್ತಿದ್ದೆ. ರಕ್ತ ಕಡಿಮೆಯಾಯಿತು, ಸಕ್ಕರೆ ನಿಧಾನಕ್ಕೆ ಕೆಳಗಿಳಿಯಿತು. ಕನ್ನಡಿಯಲ್ಲಿ ಗಾಯದ ಅಂಚು ಒಣಗಿದ್ದು ಕಂಡಿತು. ದೃಷ್ಟಿಯಾದೀತೆಂದು ಯಾರಿಗೂ ಹೇಳಲಿಲ್ಲ.

ಮೊನ್ನೆ ತಂಗಿಯ ಫೋನು. "ಅಕ್ಕಾ, ಡಬ್ಬಿ ಖಾಲಿ ಆಗಿರಬೇಕು. ಹುರದು ಇಟ್ಟೀನಿ, ಕಳಸ್ಲಿ?"

ಬೇಡವೆಂದೆ, ನೀನೂ ಬಿಡು ಎಂದೆ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ನಕ್ಕಳು.

"ಮುಂಬೈ ನೀರಿಗೆ ನಿನ್ನ ಒಸಡ ಕೆಟ್ಟಿರ್ತಾವ. ನನಗ ನೋಡ, ಇಷ್ಟ ವರ್ಷ ಆತು, ಒಂದ್ ಹನಿ ರಕ್ತ ಬಂದಿಲ್ಲ."

ದನಿ ಥೇಟ್ ಅವ್ವನದೇ. "ಡಾಕ್ಟರಿಗೆ ಸಕ್ಕರಿ ತೋರಿಸೀ ಏನ?" ಎಂದೆ.

"ತೋರಸಬೇಕು" ಎಂದಳು. "ಕಾಲಾಗ ಒಂದ್ ಗುಳ್ಳಿ ಆಗೇತಿ. ಅದು ಮಾಯಲಿ, ಆಮ್ಯಾಲ ಹೋಗೂಣಂತ ಕುಂತೀನಿ."