ರೆಪ್ಪೆ ನೋಡುವ ಜಂಬಯ್ಯ

ನಮ್ಮಣ್ಣ ಜಂಬಯ್ಯ ಕುರಿಯ ಕೆಳರೆಪ್ಪೆ ಎಳೆದು ನೋಡಿದರೆ ಸಾಕು, ರೋಗ ಹೇಳುತ್ತಿದ್ದ. ಒಳಗೆ ಕೆಂಪಗಿದ್ದರೆ ಕುರಿ ಗಟ್ಟಿ. ಬಿಳಿಚಿದ್ದರೆ ಲಿವರಿಗೆ ಹುಳ ಬಿದ್ದಿದೆ. ಬಾಗಳಿ ಸುತ್ತಲಿನ ಕುರಿಗಾರರೆಲ್ಲ ಅವನನ್ನೇ ಕರೆಯುತ್ತಿದ್ದರು. ಆ ಹೆಸರೇ ಅವನ ತಲೆಗೇರಿತು ಅಂತ ನನಗೆ ಇವತ್ತಿಗೂ ಸಿಟ್ಟು.

ಎಂಟು ವರ್ಷದ ಹಿಂದೆ ನನ್ನ ಹೆರಿಗೆಗೆ ರಕ್ತ ಕೊಡಲು ಬಂದಿದ್ದ. ಅವನ ರಕ್ತ ಬೇಡವೆಂದರು. ಹೆಪಟೈಟಿಸ್ ಬಿ. ನನಗೂ ಅದೇ ಇತ್ತು. ಹೊಟ್ಟೆ ಊದಿ ಸತ್ತ ಅವ್ವನಿಂದಲೇ ಇಬ್ಬರಿಗೂ ಬಂದಿರಬೇಕಂತೆ. ನನ್ನ ಕೂಸಿಗೆ ಅದು ತಗುಲದಿರಲೆಂದು ಹುಟ್ಟಿದ ದಿನವೇ ಲಸಿಕೆಯ ಸೂಜಿ ಹಾಕಿದರು.

“ಆರಾಮ ಅದೀವಿ ಅಂತ ಸುಮ್ನಿರಬ್ಯಾಡ್ರಿ,” ಎಂದರು ಡಾಕ್ಟರು. “ಇದು ಒಳಗೊಳಗೇ ಲಿವರ್ ಕ್ಯಾನ್ಸರ್ ತರಬಹುದು. ಆರು ತಿಂಗಳಿಗೊಮ್ಮಿ ಸ್ಕ್ಯಾನಿಂಗ್ ಮಾಡಿಸ್ರಿ. ಜಂಬಯ್ಯ, ನಿಮ್ಮ ಮಗಳಿಗೂ ಪರೀಕ್ಷಿ ಮಾಡಿಸ್ರಿ.”

ನನ್ನ ಜೊತೆ ಸ್ಕ್ಯಾನಿಂಗಿಗೆ ಅಣ್ಣ ಒಂದೇ ಸಲ ಬಂದ. ಆಮೇಲೆ ಕರೆದಾಗಲೆಲ್ಲ ಬೈಕಿನ ಕನ್ನಡಿಗೆ ಬಗ್ಗಿ ರೆಪ್ಪೆ ಎಳೆದು ತೋರಿಸುತ್ತಿದ್ದ.

“ನೋಡು ಮೈಲವ್ವ, ಲಿವರ್ ಕೆಟ್ಟಿದ್ರ ಕಣ್ಣು ಹಳದಿ ಆಗಬೇಕಿತ್ತು. ಎಲ್ಲೈತಿ ಹಳದಿ?”

“ನೀನೇನು ಕುರಿ ಏನಲೇ?” ಅಂತ ಬೈದೆ. ನಕ್ಕುಬಿಟ್ಟ. ಮಗಳು ಸಂಗೀತಾಳನ್ನೂ ಕಳಿಸಲಿಲ್ಲ. ಕುರಿಹಟ್ಟಿಯಲ್ಲಿ ಹುಟ್ಟಿದ ಆ ಹುಡುಗಿ ಲಸಿಕೆಯನ್ನೇ ಕಂಡಿರಲಿಲ್ಲ. ಹೇಳಿ ಹೇಳಿ ನನಗೂ ಸಾಕಾಯಿತು. ಬಿಟ್ಟುಬಿಟ್ಟೆ. ಬಿಡಬಾರದಿತ್ತು.

ಹೋದ ವರ್ಷ ಬಲಪಕ್ಕೆಯ ಕೆಳಗೆ ನೋವೆಂದು ಕೂತವನಿಗೆ ಏಳಲಾಗಲಿಲ್ಲ. ದಾವಣಗೆರೆಯಲ್ಲಿ ಸ್ಕ್ಯಾನಿಂಗ್ ಆಯಿತು. ಲಿವರಿನಲ್ಲಿ ಮುಷ್ಟಿಗಾತ್ರದ ಗಡ್ಡೆ. ರಕ್ತನಾಳಕ್ಕೂ ಹಬ್ಬಿದೆ, ಆಪರೇಷನ್ ಆಗುವುದಿಲ್ಲ ಎಂದರು. ಆಗಲೂ ಅವನ ಕಣ್ಣು ಹಳದಿಯಾಗಿರಲಿಲ್ಲ. ವಯಸ್ಸು ನಲವತ್ನಾಲ್ಕು.

ಅದೇ ವಾರ ಸಂಗೀತಾಳ ರಕ್ತ ಪರೀಕ್ಷೆ ಮಾಡಿಸಿದೆ. ಅವಳಿಗೂ ಇತ್ತು.

ಹಾಸಿಗೆ ಹಿಡಿದ ಅಣ್ಣ ಅವಳನ್ನು ಹತ್ತಿರ ಕರೆದ. ರೂಢಿಯಂತೆ ಹೆಬ್ಬೆರಳಿಟ್ಟು ಅವಳ ಕೆಳರೆಪ್ಪೆ ಎಳೆದ. ಒಳಗೆ ಕೆಂಪಗಿತ್ತು, ಕಣ್ಣು ತಿಳಿಯಾಗಿತ್ತು. ಬಿಕ್ಕಿಬಿಕ್ಕಿ ಅತ್ತ.

“ಕಣ್ಣು ಚಲೋ ಅದಾವವ್ವ. ಆದ್ರ ನನ್ನ ನಂಬಬ್ಯಾಡ. ಅತ್ತಿ ಜೋಡಿ ಸ್ಕ್ಯಾನಿಂಗಿಗೆ ಹೋಗು.”

ಅವಳ ಮೊದಲ ಸ್ಕ್ಯಾನಿಂಗಿಗೆ ಕೊಟ್ಟಿದ್ದ ದಿನ ಅವನು ಸತ್ತ ಹನ್ನೊಂದನೇ ದಿನದ ಕಾರ್ಯವಿತ್ತು. ಅಪ್ಪನ ಕಾರ್ಯ ಬಿಟ್ಟು ಹೊರಟಳೆಂದು ನೆಂಟರು ಬಾಯಿಗೆ ಬಂದಂತೆ ಅಂದರು. ನಾನು ಅವಳ ಕೈ ಹಿಡಿದು ಬಸ್ಸು ಹತ್ತಿದೆ.