ಬೀಳದ ಕ್ರೇನು

ಕೆಳಮನೆಯ ಫಿಟ್ಟರ್ ಮಾಮನಿಗೆ ಅರವತ್ತು ದಾಟಿದರೂ ಆಟಿಕೆಯ ಹುಚ್ಚು ಬಿಟ್ಟಿಲ್ಲ. ತೂತಿನ ಪಟ್ಟಿ, ಗಾಲಿ, ನಟ್ಟು ಬೋಲ್ಟು ಜೋಡಿಸಿ ಯಂತ್ರ ಕಟ್ಟುವ ಹಳೇ ಸೆಟ್ಟು ಎಲ್ಲಿ ಕಂಡರೂ ಹೊತ್ತು ತರುತ್ತಾರೆ. ಅಡಿಯಲ್ಲಿ ಡಬ್ಬ ತುರುಕಿ ತುರುಕಿ ಅವರ ಮಂಚವೇ ಒಂದು ಗೇಣು ಮೇಲೆದ್ದಿದೆ. ಅತ್ತೆ ಗುಡಿಸಿದ ಕಸ ಅಯಸ್ಕಾಂತದ ತಪಾಸಣೆ ಮುಗಿಯದೆ ಹೊಸಿಲು ದಾಟುವಂತಿಲ್ಲ. ಮುಟ್ಟಲು ಬಂದ ಮೊಮ್ಮಗಳಿಗೆ "ಇದು ಆಟದ ಸಾಮಾನಲ್ಲ ಪುಟ್ಟಿ" ಎನ್ನುತ್ತಾರೆ. ಇಷ್ಟೆಲ್ಲ ಇದ್ದೂ ಅವರು ಕಟ್ಟುವುದು ಮಾತ್ರ ಒಂದೇ ಕ್ರೇನು. ದಿನಾ ಬೆಳಗ್ಗೆ ಕಟ್ಟುತ್ತಾರೆ. ಸಂಜೆ ಅದರ ಕೊಕ್ಕೆಗೆ ಮರಳಿನ ಪೊಟ್ಟಣ ನೇತುಹಾಕಿ, ತೋಳಿನ ಬುಡದ ಒಂದು ಬೋಲ್ಟನ್ನು ಬೇಕೆಂದೇ ಸಡಿಲಿಸಿ, ಅದನ್ನೇ ನೋಡುತ್ತ ಕೂರುತ್ತಾರೆ. ಎಂಟು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಅವರು ಜೋಡಿಸಿದ ಕ್ರೇನಿನ ತೋಳು ಕಳಚಿ ಬಿದ್ದು, ಅಡಿಯಲ್ಲಿದ್ದ ಅತ್ತೆಯ ತಮ್ಮ ಅಲ್ಲೇ ತೀರಿಕೊಂಡ. ಆ ತೋಳಿನ ಬುಡದ ಬೋಲ್ಟನ್ನು ಅಂದು ಪೂರ್ತಿ ಬಿಗಿದಿದ್ದೆನೋ ಇಲ್ಲವೋ ಎಂಬುದು ಮಾಮನಿಗೆ ಇಂದಿಗೂ ನೆನಪಾಗುತ್ತಿಲ್ಲ. ಆಟಿಕೆಯಂತೂ ಅಲುಗಾಡದೆ ನಿಲ್ಲುತ್ತದೆ. "ನೋಡೇ, ಒಂದು ಬೋಲ್ಟು ಸಡಿಲ ಇದ್ದರೂ ಬೀಳಲ್ಲ ಇದು" ಎಂದು ಅತ್ತೆಯನ್ನು ಕರೆಯುತ್ತಾರೆ. "ಅವತ್ತು ಬಿತ್ತಲ್ಲ" ಎಂದಷ್ಟೇ ಹೇಳಿ ಅತ್ತೆ ಒಳಗೆ ಹೋಗುತ್ತಾರೆ. ಮಾಮ ಸ್ಕ್ರೂಡ್ರೈವರ್ ತೆಗೆದುಕೊಂಡು ಕ್ರೇನನ್ನು ಬಿಚ್ಚತೊಡಗುತ್ತಾರೆ.